ಕಾಕುವಿನ ಕೌದಿಗಳು ದಾರಿಯಲ್ಲಿ ದಪ್ಪಗಾದ ಪ್ರಸಂಗ

ಆನ್‌ಲೈನಿನಲ್ಲಿ ವ್ಯಾಪಾರ ಮಾಡುವವರು ಈಗ ಗಲ್ಲಿಗೊಬ್ಬರು ಸಿಗುತ್ತಾರೆ. ಆದರೆ ಗಿರಾಕಿಗಳನ್ನು ‘ಬೀಗರು’ ಎಂದು ಕರೆಯುವವರು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಒಬ್ಬರೇ! ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಕುಳಿತು ಹಳೆಯ ಸೀರೆಗಳ ಕೌದಿ ಹೊಲಿಯುತ್ತಾರೆ, ಮೊಬೈಲಿನಲ್ಲಿ ಫೋಟೋ ಏರಿಸಿ ಊರು ಕೇರಿ ಗೊತ್ತಿಲ್ಲದವರಿಗೆ ಮಾರುತ್ತಾರೆ. ಕುಳಿತು ಎಂದೆನೇ? ತಪ್ಪಾಯಿತು. ಕಾಕು ಒಂದೆಡೆ ಕುಳಿತದ್ದನ್ನು ಕಾಕಾ ಕೂಡ ಕಂಡಿಲ್ಲ. ಹೊಲಿಗೆಯ ನಡುವೆ ಎದ್ದು ಒಲೆ ನೋಡುತ್ತಾರೆ, ಒಲೆಯ ಮುಂದೆ ನಿಂತು ಮೊಬೈಲ್ ನೋಡುತ್ತಾರೆ, ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಒಮ್ಮೆ ಯಾರೋ ಬಣ್ಣ ಒಪ್ಪಲಿಲ್ಲವೆಂದು ಕೌದಿ ವಾಪಸ್ ಕಳಿಸಿದರು. ಬೇರೆಯವರಾಗಿದ್ದರೆ ಮತ್ತೆ ಮಾರಾಟಕ್ಕಿಡುತ್ತಿದ್ದರು. ಕಾಕು ಅದನ್ನು ಮಂಚದ ಮೇಲೆ ಹಾಸಿ, “ತವರಿಗೆ ಬಂದಾಳ, ನಾಕ ದಿನ ಇರಲಿ ಬಿಡೋ” ಎಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಈಗ ಮಂಚದ ತುಂಬ ತವರಿಗೆ ಬಂದವರೇ, ಕಾಕಾ ಮಲಗುವುದು ಚಾಪೆಯ ಮೇಲೆ!

ಇಂಥವರ ತೆರಿಗೆ ಲೆಕ್ಕ ನನ್ನ ಕೊರಳಿಗೆ ಬಿತ್ತು. ಮನೆತನದಲ್ಲಿ ಬಿ.ಕಾಂ. ಓದಿದ ಪಾಪಿ ನಾನೊಬ್ಬನೇ ನೋಡಿ. ಬೆಳಿಗ್ಗೆಯೇ ಆಡಿಟರ್ ಫೋನು: “ನಾಳೆ ಕಡೀ ದಿನರಿ. ಮಾರಿದ್ದಕ್ಕೂ ಬ್ಯಾಂಕಿಗೆ ಬಂದದ್ದಕ್ಕೂ ಲೆಕ್ಕ ಹೊಂದವಲ್ದು. ಹೋದ ಸಲದ್ದೂ ಬಾಕಿ ಐತಿ. ಹಿಂಗ ಬಿಟ್ರ ಜಿಎಸ್‌ಟಿ ನಂಬರ್ ರದ್ದಾಗತೈತಿ, ನಿಮ್ಮ ಕಾಕು ಅಂಗಡಿ ಬಂದ್!”

ಕೌದಿ ಮಾರಿಕೊಡುವ ಆ ಆನ್‌ಲೈನ್ ಕಂಪನಿಯ ವರದಿಯೋ, ದೇವರೇ ಗತಿ! ಈ ತಿಂಗಳು ಮಾರಿದ್ದರ ಹಣ ಮುಂದಿನ ತಿಂಗಳು ಬರುತ್ತದೆ, ಹಿಂದಿನ ತಿಂಗಳ ವಾಪಸಾತಿ ಈ ತಿಂಗಳು ಕಡಿತವಾಗುತ್ತದೆ. ಕಮಿಷನ್ ಕಡಿತ, ತೆರಿಗೆ ಕಡಿತ, ಕಡಿತ ಮಾಡಿದ್ದಕ್ಕೂ ಒಂದು ಕಡಿತ! ನಾನು ಕಂಪ್ಯೂಟರಿನಲ್ಲಿ ಒಂದು ಸಾಲು ಹಿಡಿಯುವಷ್ಟರಲ್ಲಿ ಕಾಕು ಹೆಗಲ ಮೇಲಿಂದ ಇಣುಕಿ, “ಹೊಂದಿತೇನು?” ಎನ್ನುತ್ತಾರೆ. ಇಲ್ಲವೆಂದರೆ ಚಹಾ ತರುತ್ತಾರೆ. “ಈಗ ಹೊಂದಿತೇನು?” ಚಹಾ ಕುಡಿದರೆ ಲೆಕ್ಕ ಹೊಂದುತ್ತದೆಯೇ? ನಾನೂ ಎದ್ದು ಅಡ್ಡಾಡತೊಡಗಿದೆ. ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಡಿಕ್ಕಿ ಹೊಡೆಯುವುದೊಂದು ಬಾಕಿ.

ಕೊನೆಗೆ ಕಳ್ಳ ಸಿಕ್ಕ. ಪ್ರತಿ ಕೌದಿಯ ಮುಂದೂ ‘ತೂಕ ವ್ಯತ್ಯಾಸ’ ಎಂದೊಂದು ದಂಡ! ನಾವು ಬರೆದದ್ದಕ್ಕಿಂತ ಪಾರ್ಸೆಲ್ ಭಾರ ಇತ್ತಂತೆ.

ಕಾಕು ಸೆರಗು ಬಿಗಿದರು. “ಏನ್, ದಾರ್ಯಾಗ ಉಂಡು ದಪ್ಪ ಆತೇನು ಕೌದಿ? ಹಚ್ಚು ಫೋನ್!”

ದೂರು ಕೊಡಲು ಸಾಕ್ಷಿ ಬೇಕಲ್ಲ? ಕಳಿಸಲು ಕಟ್ಟಿಟ್ಟಿದ್ದ ಪಾರ್ಸೆಲ್ ಒಂದನ್ನು ತೂಗೋಣವೆಂದು ಬಿಚ್ಚಿದೆ. ಕೌದಿಯ ಮಡಿಕೆಯಿಂದ ಸುರಿಯಿತು ನೋಡಿ ಅಕ್ಕಿ! ಹಿಂದೆಯೇ ಒಣಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಬಸದ ಖಣ!

“ಏನ್ರಿ ಕಾಕು ಇದು?”

“ಉಡಿ! ಹೆಣ್ಮಗಳು ಮನಿ ಬಿಟ್ಟು ಹೊಂಟರ ಬರೀ ಉಡೀಲೆ ಕಳಸತಾರೇನೋ ಹುಚ್ಚಾ?”

ಆ ದಂಡಗಳನ್ನೆಲ್ಲ ಸಾಗಣೆ ಖರ್ಚಿಗೆ ಸೇರಿಸಿದ್ದೇ ತಡ, ಲೆಕ್ಕ ಪೈಸೆಗೆ ಪೈಸೆ ಹೊಂದಿತು. ಆಡಿಟರಿಗೆ ಕಳಿಸಿಯೂ ಆಯಿತು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. “ಇನ್ನ ಮ್ಯಾಲೆ ಉಡಿ ಬಂದ್! ಬಂದ ಲಾಭ ಎಲ್ಲಾ ಅದಕ್ಕ ಹೊಂಟೈತಿ” ಎಂದು ಗದರಿದೆ.

ಕಾಕು ನೆಲದ ಮೇಲಿನ ಅಕ್ಕಿ ಬಳಿಯಲು ಕುಳಿತರು. ಅಕ್ಕಿ ಮುಗಿದರೂ ಏಳಲಿಲ್ಲ.

“ನೀ ಅಂದ್ರ ಬಿಡತೇನಿ ತಮ್ಮಾ. ನಾ ಹೂಲಿಯಿಂದ ನಿಮ್ಮ ಕಾಕಾನ ಕೂಡ ಯಾರಿಗೂ ಹೇಳದ ಬಂದಾಕಿ. ನನ್ನ ಉಡಿ ಯಾರೂ ತುಂಬಲಿಲ್ಲ. ಆಮ್ಯಾಲೂ ತವರಿಗೆ ಯಾರೂ ಕರೀಲಿಲ್ಲ. ಅದಕ್ಕ ಇವನ್ನ ಹಂಗ ಕಳಸಾಕ ಮನಸ ಬರಂಗಿಲ್ಲ ನೋಡು.”

ನಾನು ಖಣ ಮಡಚಿ, ಕೊಬ್ಬರಿ ಬಟ್ಟಲು ಮತ್ತೆ ಕೌದಿಯೊಳಗಿಟ್ಟು, ಅವರ ಕೈಯಲ್ಲಿದ್ದ ಅಕ್ಕಿ ಇಸಿದುಕೊಂಡೆ.

“ಉಡೀದೂ ಸೇರಿಸಿ ತೂಕ ಬರೀತೇನ್ರಿ. ಅಕ್ಕಿ ಇಷ್ಟ ಸಾಕೇನು?”

ಕಾಕು ಕಣ್ಣೊರೆಸಿಕೊಂಡರು.

“ಇನ್ನೊಂದ ಹಿಡಿ ಹಾಕೋ. ದೂರ ಹೊಂಟಾಳ.”