ಹ್ಯಾಂಡ್‌ಬ್ರೇಕ್ ಬಿಡಲು ಮರೆತ ಡ್ರೈವರ್

ಮನುಷ್ಯನಾಗಿ ಹುಟ್ಟಿದ ಮೇಲೆ ಏನಾದರೊಂದು ಮರೆಯಲೇಬೇಕು. ಕೆಲವರು ಕೊಡೆ ಮರೆಯುತ್ತಾರೆ, ಕೆಲವರು ಕೊಟ್ಟ ಮಾತು ಮರೆಯುತ್ತಾರೆ. ನಾನು ಮೋಟಾರಿನ ಹ್ಯಾಂಡ್‌ಬ್ರೇಕ್ ಬಿಡುವುದನ್ನು ಮರೆಯುತ್ತಿದ್ದೆ. ಒಮ್ಮೆ ಮರೆತರೆ ಅದು ತಪ್ಪು, ಮತ್ತೆ ಮತ್ತೆ ಮರೆತರೆ ಅದು ಸ್ವಭಾವ ಅನ್ನುತ್ತಾರೆ. ನನ್ನದು ಸ್ವಭಾವವೇ ಇರಬೇಕು.

ಇನ್ನೂ ಇಂಗ್ಲಿಷರ ರಾಜ್ಯವಿದ್ದ ಕಾಲ. ಪುಣೆಯ ಸದಾಶಿವ ಪೇಟೆಯಲ್ಲಿ ಬೆಳಗಾವಿ ಕಡೆಯ ವಕೀಲರೊಬ್ಬರಿದ್ದರು. ಅವರ ಮೋಟಾರಿಗೆ ನಾನು ಡ್ರೈವರ್. ಆಗಿನ ಗಾಡಿಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಹೊಡೆಯುವಾಗ ಗಾಡಿ ಮೈಮೇಲೆ ಬಾರದಿರಲಿ ಎಂದು ಮೊದಲು ಹ್ಯಾಂಡ್‌ಬ್ರೇಕ್ ಎಳೆದಿಡಬೇಕು. ಇಂಜಿನ್ ಶುರುವಾದದ್ದೇ ತಡ, ಅದು ಮನಸ್ಸು ಬದಲಿಸುವುದರೊಳಗೆ ಓಡಿಬಂದು, ಒಳಗೆ ಹಾರಿ ಕೂತು, ಗೇರು ಹಾಕಬೇಕು. ಈ ಓಡಾಟದಲ್ಲಿ ಬ್ರೇಕ್ ಬಿಡುವುದು ಯಾರಿಗೆ ನೆನಪಿರುತ್ತದೆ?

ಇರಬೇಕಿತ್ತು. ಯಾಕೆಂದರೆ ಧಾರವಾಡದಲ್ಲಿ ನನಗೊಂದು ಹೆಣ್ಣು ಗೊತ್ತುಮಾಡುವ ಮಾತು ನಡೆದಿತ್ತು. ಅಕ್ಕನ ಮದುವೆಯಲ್ಲಿ ಆ ಹುಡುಗಿ ಬಡಿಸಲು ಬಂದು, "ಇನ್ನೊಂದು ಹೋಳಿಗಿ ಹಾಕ್ಲ್ಯಾ?" ಅಂದಿದ್ದಳು. ನಾಲ್ಕು ತಿಂದು ಮುಗಿಸಿದ್ದ ನಾನು ಬೇಡ ಅನ್ನಲಾಗದೆ ಐದನೆಯದನ್ನೂ ಹಾಕಿಸಿಕೊಂಡಿದ್ದೆ. ಅವತ್ತಿನಿಂದ ಮನಸ್ಸು ಅಲ್ಲೇ ಇತ್ತು. ಅವಳ ಅಪ್ಪ ಕನ್ನಡ ಶಾಲೆಯ ಮಾಸ್ತರರು. ಅವರು ಮಾತ್ರ ಒಪ್ಪಲಿಲ್ಲ. "ಮೋಟಾರ್ ಹೊಡಿಯಾಂವಗ ಮಗಳನ್ನ ಕೊಟ್ಟು, ದಿನಾ ಬಾಗಲದಾಗ ಕೂತು ತಂತಿ ಸುದ್ದಿಗೆ ಕಾಯಲೇನು?" ಎಂದಿದ್ದರಂತೆ. ಕೊನೆಗೆ ವಕೀಲರೇ ಪತ್ರ ಬರೆದು, ದಸರೆಗೆ ಪುಣೆಗೆ ಬಂದು ಹುಡುಗ ಗಾಡಿ ನಡೆಸುವುದನ್ನು ಕಣ್ಣಾರೆ ನೋಡಿ, ಆಮೇಲೆ ಬೇಕಾದರೆ ಬೇಡ ಅನ್ನಿ ಎಂದು ಒಪ್ಪಿಸಿದ್ದರು. ದಸರೆಗೆ ಇನ್ನೂ ಎರಡು ತಿಂಗಳಿತ್ತು.

ಪೆಟ್ರೋಲಿನ ಗುಣ

ಒಂದು ದಿನ ವಕೀಲರನ್ನು ಕೋರ್ಟಿಗೆ ಕರೆದೊಯ್ಯುತ್ತಿದ್ದೆ. ಗಾಡಿ ಮುಂದೆ ಹೋಗಲು ಒಲ್ಲೆ ಅನ್ನುತ್ತಿತ್ತು. ಲಕಡಿ ಪೂಲ್ ಸೇತುವೆಯ ಮೇಲೆ ತರಕಾರಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ ಹೋದಳು. ಹೋಗುವಾಗ ತಿರುಗಿಯೂ ನೋಡಿದಳು.

"ಯಾಕೋ, ಏನಾಗೇದ ಇದಕ್ಕ?" ವಕೀಲರು ಕೇಳಿದರು.

"ಪೆಟ್ರೋಲದಾಗ ನೀರು ಕೂಡಿಸ್ಯಾರ್ರಿ ಸಾಹೇಬ್ರ," ಅಂದೆ. ತಪ್ಪು ಯಾರದೆಂದು ಗೊತ್ತಿಲ್ಲದಾಗ ಅಲ್ಲಿ ಇಲ್ಲದವರ ಮೇಲೆ ಹಾಕುವುದು ಸುಲಭ.

ವಕೀಲರಿಗೆ ಸಿಟ್ಟು ಬಂತು. ಗಾಡಿಯನ್ನು ಸೀದಾ ಪೆಟ್ರೋಲ್ ಪಂಪಿಗೇ ತಿರುಗಿಸಲು ಹೇಳಿದರು. ಇಳಿದವರೇ ಮೋಸ, ದಗಾಬಾಜಿ, ಕಲಮು, ಶಿಕ್ಷೆ ಎಂದು ಮರಾಠಿಯಲ್ಲಿ ಅರ್ಧ ಗಂಟೆ ವಾದಿಸಿದರು. ಪಂಪಿನವನು ಎಲ್ಲವನ್ನೂ ಶಾಂತವಾಗಿ ಕೇಳಿದ. ಆಮೇಲೆ ಇನ್ನೂ ಬಿಸಿಯಾಗಿದ್ದ ಹಿಂದಿನ ಗಾಲಿ ಮುಟ್ಟಿ, ಗಾಡಿಯೊಳಗೆ ಒಮ್ಮೆ ಇಣುಕಿ ನೋಡಿ ಕೈಮುಗಿದ.

"ಸಾಹೇಬರೇ, ಎಳೆದ ಬ್ರೇಕನ್ನು ಬಿಡದೆಯೇ ಸದಾಶಿವ ಪೇಟೆಯಿಂದ ಇಲ್ಲಿಯವರೆಗೆ ಬಂದಿದ್ದೀರಿ. ನನ್ನ ಪೆಟ್ರೋಲ್ ಎಷ್ಟು ಒಳ್ಳೆಯದೆಂದು ದಯವಿಟ್ಟು ನಾಲ್ಕು ಜನರಿಗೆ ಹೇಳಿ."

ಸೀದ ವಾಸನೆ

ನನ್ನನ್ನು ಬೈದು ಬೈದು ವಕೀಲರಿಗೆ ತಾವೇ ಗಾಡಿ ಕಲಿಯುವ ಹುರುಪು ಬಂತು. ಒಂದು ರವಿವಾರ ಪಕ್ಕದಲ್ಲಿ ನನ್ನನ್ನು, ಹಿಂದೆ ತಾಯಿಯನ್ನೂ ಹೆಂಡತಿಯನ್ನೂ ಕೂಡಿಸಿಕೊಂಡು ಹೊರಟರು. ಎರಡು ಓಣಿ ದಾಟಿರಲಿಲ್ಲ, ತಾಯಿ ಮೂಗು ಏರಿಸಿದರು.

"ಏನೋ ಸೀದದ. ಒಲಿ ಮ್ಯಾಲೆ ಏನಿಟ್ಟು ಬಂದೀಯವಾ?"

"ಏನೂ ಇಟ್ಟಿಲ್ಲರಿ, ಅತ್ತಿ," ಎಂದರು ಸೊಸೆ.

"ನನ್ನ ಮೂಗೇನು ಸುಳ್ಳು ಹೇಳ್ತದ? ತಿರಗಸೋ ಗಾಡಿ!"

ಮನೆಗೆ ಬಂದೆವು. ಒಲೆ ತಣ್ಣಗಿತ್ತು. ಮತ್ತೆ ಹೊರಟೆವು, ಮತ್ತೆ ವಾಸನೆ ಬಂತು. ಈ ಸಲ ಹಾಲಿನ ಮೇಲೆ ಸಂಶಯ. ಮತ್ತೆ ತಿರುಗಿ ಬಂದೆವು. ಸೊಸೆಯ ತವರಿನವರ ಅಡಿಗೆಯ ಬಗ್ಗೆಯೂ ಎರಡು ಮಾತು ಬಂದುಹೋದವು. ಮೂರನೆಯ ಸಲ ಗಾಡಿಯ ಹಿಂದಿನ ಗಾಲಿಗಳಿಂದಲೇ ಹೊಗೆ ಎದ್ದಿತು. ನಾನು ಬಗ್ಗಿ ನೋಡಿದರೆ ಹ್ಯಾಂಡ್‌ಬ್ರೇಕ್ ಎಳೆದಂತೆಯೇ ಇತ್ತು. ಈ ಸಲ ಮರೆತವನು ನಾನಲ್ಲವಲ್ಲ ಎಂದು ನನಗಾದ ಸಂತೋಷ ಹೇಳತೀರದು.

ಸೊಸೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ಅತ್ತಿ, ಇವತ್ತ ಸೀಯಿಸಿದವರು ನಿಮ್ಮ ಮಗನರಿ. ಅವರಿಗೆ ಅಡಿಗಿ ಕಲಿಸಿದವರು ಯಾರ ಕೇಳ್ರಿ."

ಬನ್ನಿ ಮುಡಿಯಲು ಹೋದದ್ದು

ದಸರೆ ಬಂತು. ಮಾಸ್ತರರೂ ಬಂದರು. ಹಿಂದಿನ ದಿನ ಖಂಡೇನವಮಿಗೆ ಗಾಡಿಯ ಪೂಜೆಯಾಗಿತ್ತು. ವಕೀಲರ ತಾಯಿ ಒಳಗಿನ ಎರಡೂ ದಂಡಗಳಿಗೆ ಹಾರ ಹಾಕಲು ಬಂದಾಗ, "ಗೇರಿಂದು ಕೈಗೆ ಅಡ್ಡ ಆಗ್ತದ್ರಿ ಅಮ್ಮಾರ, ಅದಕ್ಕ ಬ್ಯಾಡ," ಎಂದು ನಾನೇ ಹೇಳಿದ್ದೆ. ಅವರು ಎಲ್ಲ ಭಕ್ತಿಯನ್ನೂ ಇನ್ನೊಂದು ದಂಡಕ್ಕೇ ತೋರಿಸಿದ್ದರು. ಚೆಂಡುಹೂವಿನ ಹಾರ, ಅದರ ಮೇಲೆ ಕುಪ್ಪಸದ ಖಣ, ಅದರ ಮೇಲೆ ಮತ್ತೊಂದು ಹಾರ. ಒಳಗಿರುವುದು ಹ್ಯಾಂಡ್‌ಬ್ರೇಕ್ ಎಂದು ಹೇಳಿದರೂ ನಂಬುವಂತಿರಲಿಲ್ಲ.

ಸಂಜೆ ಊರ ಸೀಮೆ ದಾಟಿ ಬನ್ನಿ ಮುಡಿಯಲು ಸ್ವಾರಗೇಟಿನಾಚೆ ಹೊರಟೆವು. ಮಾಸ್ತರರು ನನ್ನ ಪಕ್ಕ, ವಕೀಲರು ಹಿಂದೆ. ಮಾಸ್ತರರು ಎರಡೂ ಕೈಯಿಂದ ಬಾಗಿಲು ಹಿಡಿದು, ಕಣ್ಣು ಮುಚ್ಚಿ, ಹನುಮಪ್ಪನನ್ನು ನೆನೆಯತೊಡಗಿದರು. ನನ್ನ ಎದೆ ಅವರದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಇವತ್ತು ತಪ್ಪಿದರೆ ಆ ಹುಡುಗಿ ಬೇರೆ ಯಾರಿಗೋ ಹೋಳಿಗೆ ಬಡಿಸುತ್ತಾಳೆ.

ಗಾಡಿ ಹೊರಟಿತು, ಅಂದರೆ ತೆವಳಿತು. ಸೈಕಲ್ಲುಗಳು ಮುಂದೆ ಹೋದವು. ಟಾಂಗಾ ಹೋಯಿತು. ಒಂದು ಎಮ್ಮೆ ಸ್ವಲ್ಪ ದೂರ ಜೊತೆಗೆ ನಡೆದು, ಬೇಸರವಾಗಿ ಮುಂದೆ ಹೋಯಿತು. ಮಾಸ್ತರರು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದನ್ನು. ಬಾಗಿಲಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆ ಟಾಂಗಾದಾಂವಗ ಏನ ಅವಸರ ನೋಡು! ಜೀವದ ಮ್ಯಾಲೆ ಆಶಾನ ಇಲ್ಲ," ಎಂದರು.

ಸ್ವಾರಗೇಟ್ ದಾಟುವಾಗ ಸುಟ್ಟ ವಾಸನೆ ಬಂತು. ಹಾರದ ಕಡೆ ನೋಡಿದೆ, ಅದರೊಳಗಿನ ದಂಡ ಎಳೆದಂತೆಯೇ ಇತ್ತು. ಕನ್ನಡಿಯಲ್ಲಿ ವಕೀಲರನ್ನು ನೋಡಿದೆ. ಅವರಿಗೂ ಗೊತ್ತಾಗಿತ್ತು. ಗಾಡಿ ಅವರದು, ಸುಡುತ್ತಿದ್ದದ್ದೂ ಅವರದೇ. ಆದರೂ ಅವರು ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನೆ ನಡೆಸು ಎಂದು ಸನ್ನೆ ಮಾಡಿದರು. ಆ ಉಪಕಾರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಬನ್ನಿಗಿಡದ ಹತ್ತಿರ ಇಳಿದಾಗ ಮಾಸ್ತರರ ಕಣ್ಣಲ್ಲಿ ನೀರಿತ್ತು. "ತಮ್ಮಾ, ನಾ ಸುಮ್ಮನ ಹೆದರಿದ್ದೆ. ನಿನ್ನಂಥ ಸಮಾಧಾನದ ಹುಡುಗನ್ನ ನಾ ನೋಡೇ ಇಲ್ಲ. ಮಗಳನ್ನ ಕೊಟ್ಟೆ," ಎಂದು ಬನ್ನಿಯ ಎಲೆಗಳನ್ನು ನನ್ನ ಕೈಗಿಟ್ಟರು.

ಕುಣಿಯಬೇಕೆನಿಸಿತು. ಆದರೆ ಇಷ್ಟು ಸಾದಾ ಮನುಷ್ಯನಿಗೆ ಸುಳ್ಳು ಹೇಳಿ ಅವರ ಮಗಳ ಮುಖ ಹೇಗೆ ನೋಡಲಿ? ಹೋದರೆ ಹೋಗಲಿ ಎಂದು ಕೈಮುಗಿದು ಹೇಳಿಬಿಟ್ಟೆ: "ಮಾಸ್ತರ್ರ, ಅದು ಸಮಾಧಾನ ಅಲ್ಲರಿ. ಬ್ರೇಕ್ ಬಿಡೂದು ಮರತಿದ್ದೆ."

ವಕೀಲರು ಹಣೆ ಹಣೆ ಬಡಿದುಕೊಂಡರು. "ನನ್ನ ಕಕ್ಷಿದಾರರೂ ಹಿಂಗ. ಕೇಸ್ ಗೆದ್ದ ಮ್ಯಾಲೆ ಬಾಯಿ ಬಿಡ್ತಾರ!"

ಮಾಸ್ತರರು ಗಾಡಿಯ ಗಾಲಿಯಿಂದ ಏಳುತ್ತಿದ್ದ ಹೊಗೆಯನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ಬನ್ನಿಯನ್ನು ವಾಪಸ್ ಕೇಳುತ್ತಾರೆಂದೇ ನಾನು ಕೈ ಚಾಚಿದೆ. ಅವರು ಅದರ ಮೇಲೆ ಇನ್ನೊಂದು ಹಿಡಿ ಎಲೆ ಹಾಕಿದರು.

"ಬ್ರೇಕ್ ಹಾಕೂದು ಮರಿಯೋ ಡ್ರೈವರಗ ಹೆದರಿ ನಾ ಇಷ್ಟು ದಿನ ಬ್ಯಾಡ ಅಂದೆ. ಬಿಡೂದು ಮರಿಯೋ ಅಳಿಯ ಎಲ್ಲಿ ಸಿಗ್ತಾನ?"

ಆಮೇಲೆ ಗಾಡಿಯಲ್ಲಿ ಕೂತು, ಹಾರವನ್ನು ಮತ್ತೆ ನೆಟ್ಟಗೆ ಮಾಡಿ, ಮೊದಲ ಸಲ ನನಗೆ ಬಹುವಚನ ಕೊಟ್ಟು ಅಂದರು: "ನಡೀರಿ ಅಳಿಯಂದಿರ. ತಿರುಗಿ ಹೋಗೂವಾಗೂ ಹಂಗ ಮರತ ಬಿಡ್ರಿ."