ಅವ್ವನ ಟೀವಿಗೆ ಬಾರದ ಘಟಿಕೋತ್ಸವ

ನಾನು ಪದವೀಧರೆಯಾಗುವುದು ಸಾಧ್ಯವೇ ಇಲ್ಲ ಎಂದು ಮೊಟ್ಟಮೊದಲು ಸಾರಿದವರು ಸಣ್ಣಸ್ವಾಮಿ ಮಾವ, ನಮ್ಮ ಅವ್ವನ ತಮ್ಮ. ಕೆ.ಆರ್. ನಗರದಿಂದ ಬಂದು ನಮ್ಮ ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳಿದರು: “ಎಳ್ಡು ಮಕ್ಕಳ ತಾಯಿ ಈಗ ಡಿಗ್ರಿ ಮಾಡ್ತಾಳಂತೆ ಕಣ್ರಪ್ಪ! ಇವಳೇನಾರ ಪಾಸಾದ್ರೆ ನಾನು ಮೀಸೆ ಬೋಳುಸ್ಕತೀನಿ.” ನಾನು ಪಾಸಾದೆ. ಮಾವನ ಮೀಸೆಯೂ ಉಳಿಯಿತು. ಅವರ ಮಾತಿನ ತೂಕ ಮನೆಯವರಿಗೆಲ್ಲ ಗೊತ್ತಿದ್ದರಿಂದ ಯಾರೂ ಕತ್ತರಿ ಹುಡುಕಲಿಲ್ಲ. ಆದರೆ ಈಚೆಗೆ ನನಗೊಂದು ಸತ್ಯ ತಿಳಿದಿದೆ. ಡಿಗ್ರಿ ಮಾಡುವುದು ಅಂಥ ಕಷ್ಟವೇನಲ್ಲ. ಆ ಡಿಗ್ರಿ ತೆಗೆದುಕೊಂಡ ವಿಡಿಯೋವನ್ನು ಮನೆಯ ಟೀವಿಯಲ್ಲಿ ನೆಟ್ಟಗೆ ತೋರಿಸುವುದಿದೆಯಲ್ಲ, ಅದು ಕಷ್ಟ.

ನಾನು ಓದಿದ್ದು ದೂರಶಿಕ್ಷಣದಲ್ಲಿ. ಬೆಟ್ಟದಪುರದ ಪಕ್ಕದ ನಮ್ಮ ಊರಲ್ಲಿ ಆಗ ಎಲ್ಲರೂ ಹೊಗೆಸೊಪ್ಪು ಬೆಳೆಯುತ್ತಿದ್ದರು. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಒಮ್ಮೆ ಉರಿ ಹಾಕಿದರೆ ಮುಗಿಯಿತು, ದಿನಗಟ್ಟಲೆ ಒಬ್ಬರು ಅದರ ಒಲೆಬಾಯಿ ಹತ್ತಿರ ಕೂತು ಕಾಯಲೇಬೇಕು. ಉರಿ ಇಳಿದರೆ ಸೊಪ್ಪು ಹಸಿ, ಏರಿದರೆ ಕಪ್ಪು. ನಾನು ಆ ಬಾಯಿ ಮುಂದೆ ಕೂತು ಒಂದು ಕೈಯಲ್ಲಿ ಸೌದೆ ನೂಕುತ್ತಾ ಇನ್ನೊಂದು ಕೈಯಲ್ಲಿ ಅರ್ಥಶಾಸ್ತ್ರ ಹಿಡಿದಿರುತ್ತಿದ್ದೆ. ನನ್ನ ಪುಸ್ತಕಗಳು ಇವತ್ತಿಗೂ ಹೊಗೆ ವಾಸನೆ ಹೊಡೆಯುತ್ತವೆ. ಈಗ ಬಿಡಿ, ನಾವು ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕುತ್ತೇವೆ; ಬ್ಯಾರನ್ನಿನಲ್ಲಿ ಕೋಳಿಗಳಿವೆ. ಆದರೂ ಮಳೆ ಬಿದ್ದ ದಿನ ಆ ಗೋಡೆಯಿಂದ ಹಳೆಯ ಸೊಪ್ಪಿನ ವಾಸನೆ ಬರುತ್ತದೆ. ಬಂದಾಗಲೆಲ್ಲ ನನಗೆ ಬೇಡಿಕೆಯ ನಿಯಮ ನೆನಪಾಗುತ್ತದೆ.

ನನ್ನ ಘಟಿಕೋತ್ಸವ ಬಂದದ್ದು ಸರಿಯಾಗಿ ಸೊಪ್ಪು ಬೇಯುವ ಹೊತ್ತಿಗೆ. ಹಿಂದಿನ ದಿನವಷ್ಟೇ ಬ್ಯಾರನ್ ತುಂಬಿಸಿ ಉರಿ ಹಾಕಿದ್ದೆವು. ಯಾರಾದರೂ ಉಳಿಯಲೇಬೇಕಿತ್ತು. “ನೀವೆಲ್ಲ ಓಗ್ಬನ್ನಿ, ನಾನು ಉರಿ ನೋಡ್ಕತೀನಿ” ಎಂದಳು ಅವ್ವ. ನನ್ನನ್ನು ಓದಿಸಿದವಳು ಅವಳು, ಮೈಸೂರಿಗೆ ಹೋದವರು ಮಿಕ್ಕವರೆಲ್ಲ. ಅವ್ವನಿಗೆ ತೋರಿಸಲು ಮಾವ ತಮ್ಮ ಫೋನಿನಲ್ಲಿ ವಿಡಿಯೋ ಹಿಡಿದರು. ವಾಪಸು ಬಂದು ತೋರಿಸಿದಾಗ ಅವ್ವ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಕೊನೆಗೆ “ಇರುವೆ ಸಾಲು ಓದಂಗೈತೆ ಕಣಮ್ಮಿ” ಎಂದು ವಾಪಸು ಕೊಟ್ಟಳು. ಕಣ್ಣಲ್ಲಿ ಪೊರೆ ಬಂದಿತ್ತು.

ಈ ವರ್ಷ ಪೊರೆ ತೆಗೆಸಿದೆವು. ಕಟ್ಟು ಬಿಚ್ಚಿದವಳು ಗೋಡೆಯ ಮೇಲಿದ್ದ ನನ್ನ ಸರ್ಟಿಫಿಕೇಟನ್ನು ನೋಡಿ, “ಇದ್ನ ಅವ್ರು ನಿನ್ ಕೈಗೆ ಕೊಟ್ಟಿದ್ನ ನಾನು ನೋಡ್ಬೇಕು. ದೊಡ್ಡ ಟೀವೀಲಿ ಆಕು” ಎಂದಳು. ಅದೇನು ಮಹಾ ಎಂದುಕೊಂಡೆ. ಪದವೀಧರೆಯಲ್ಲವೇ!

ಮಾವ ಹಿಡಿದಿದ್ದ ತುಂಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಜೋಡಿಸಿದೆ. ಓಡಿಸಿ ನೋಡಿದರೆ ಚಿತ್ರ ತಡೆತಡೆದು ಓಡಿ, ನಾನು ವೇದಿಕೆಯತ್ತ ನಡೆಯುವ ಬದಲು ಕುಂಟುತ್ತಿದ್ದೆ. ಹೆಸರು ಕೂಗಿ ಎಷ್ಟೋ ಹೊತ್ತಾದ ಮೇಲೆ ನನ್ನ ಕಾಲು ಮುಂದೆ ಬರುತ್ತಿತ್ತು. ಕೂಗಿದ ಹೆಸರಿನ ಜೊತೆಗೆ ಸೊರ್ ಸೊರ್ ಎಂದು ಒಂದು ಕೆಟ್ಟ ಸದ್ದು ಬೇರೆ. ಮೈಕಿನದೇ ದೋಷವಿರಬೇಕೆಂದು ಸದ್ದು ತೆಗೆಯುವ ಗುಂಡಿ ಒತ್ತಿದೆ. ಸೊರ್ ಸೊರ್ ಹೋಯಿತು, ಜೊತೆಗೆ ನನ್ನ ಹೆಸರೂ ಹೋಯಿತು. ಕೂಗುವವರು ಗುಡಾಣದೊಳಗೆ ಕೂತು ಬೇರೆ ಯಾರನ್ನೋ ಕರೆಯುವಂತಿತ್ತು.

ಹೋಗಲಿ ಎಂದು ರೆಂಡರ್‌ಗೆ ಹಾಕಿದೆ. ಅಂದರೆ ತುಂಡುಗಳನ್ನೆಲ್ಲ ಬೇಯಿಸಿ ಒಂದೇ ವಿಡಿಯೋ ಮಾಡುವ ಕೆಲಸ. ಲ್ಯಾಪ್‌ಟಾಪಿನ ಫ್ಯಾನು ಹುಯ್ಯೆಂದಿತು. ಅವ್ವ ಬಂದು ಅದರ ಮಗ್ಗುಲು ಮುಟ್ಟಿ ನೋಡಿದಳು. ಪರದೆಯ ಮೇಲೆ ನಿಧಾನವಾಗಿ ತೆವಳುವ ಗೆರೆಯನ್ನು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

“ನೀನ್ಯಾಕವ್ವ ಇಲ್ಲಿ?”

“ಬೇಯಾಕೆ ಇಟ್ಬುಟ್ಟು ಎದ್ದೋದಾರಾ? ಓಗು, ನೀನು ಉಂಡ್ಬಾ. ನಾನಿವ್ನಿ.”

ಯಾರನ್ನೂ ಹತ್ತಿರ ಬಿಡಲಿಲ್ಲ. ನನ್ನ ಗಂಡ ಚಾರ್ಜರ್ ತೆಗೆಯಲು ಕೈ ಚಾಚಿದರೆ, “ಉರಿ ಇಳೀತದೆ, ಮುಟ್ಬ್ಯಾಡಿ!” ಎಂದು ಗದರಿದಳು. ಬೆಂದ ಮೇಲೆ ನೋಡಿದರೆ ನನ್ನ ಮುಖ ಚೌಕಾಬಾರದ ಮನೆಗಳಂತೆ ಚೂರುಚೂರಾಗಿತ್ತು, ಅದರ ಮೇಲೆ ಸಾಫ್ಟ್‌ವೇರಿನವರ ಹೆಸರು ಅಡ್ಡಲಾಗಿ ಮಲಗಿತ್ತು. ಗುಣಮಟ್ಟ ಸಾಲದು ಎಂದುಕೊಂಡು, ಇದ್ದುದರಲ್ಲೇ ಅತಿ ದೊಡ್ಡ ಅಳತೆ ಆರಿಸಿ ಮತ್ತೆ ಬೇಯಿಸಿದೆ. ಚೌಕಗಳು ಇನ್ನೂ ದೊಡ್ಡದಾಗಿ, ಸ್ಪಷ್ಟವಾಗಿ ಕಂಡವು. ಪೆನ್‌ಡ್ರೈವಿಗೆ ಹಾಕಿ ಟೀವಿಗೆ ಚುಚ್ಚಿದರೆ ಚಪ್ಪಾಳೆ ಕೇಳಿತು, ಚಿತ್ರ ಬರಲಿಲ್ಲ. “ಕರೆಂಟ್ ಓಯ್ತಾ?” ಎಂದಳು ಅವ್ವ.

ಚಿಕ್ಕಂದಿನಿಂದ ಸೊಪ್ಪು ವಿಂಗಡಿಸಿದವಳು ನಾನು. ಹೊಲದಲ್ಲೇ ಹರಿದ ಎಲೆ ಬ್ಯಾರನ್ನಿನಲ್ಲಿ ಎಷ್ಟು ಬೆಂದರೂ ಮೊದಲ ದರ್ಜೆಗೆ ಬಾರದು ಎಂದು ನನಗೆ ಹೊಳೆಯಬೇಕಿತ್ತು. ಹೊಳೆದದ್ದು ತಡವಾಗಿ. ಆ ವಿಡಿಯೋ ಮಾವನಿಂದ ಅವರ ಮಗಳಿಗೆ, ಅವಳಿಂದ ಅವಳ ಗಂಡನಿಗೆ, ಅಲ್ಲಿಂದ ಕುಟುಂಬದ ಗುಂಪಿಗೆ ವಾಟ್ಸಾಪಿನಲ್ಲಿ ಸುತ್ತಾಡಿ ನನಗೆ ಬಂದಿತ್ತು. ಫೋನ್ ಮಾಡಿದೆ.

“ಮಾವ, ಆ ವಿಡಿಯೋ ಒರಿಜಿನಲ್ ಐತಾ?”

“ವಾಟ್ಸಾಪಲ್ಲಿ ಕಳ್ಸಿದ್ನಲ್ಲ ಕಣಮ್ಮಿ, ಅದೇ ಒರಿಜಿನಲ್ಲು.”

“ಅದು ಕಳ್ಸೋವಾಗ ಸವೆದೋಯ್ತದೆ ಮಾವ.”

“ಸವೆಯಾಕೆ ಅದೇನು ಎಕ್ಕಡಾನಾ?” ಎಂದವರು ಆಮೇಲೆ, “ಆ ಹಳೇ ಫೋನು ಬೀರುವಾಗೈತೆ. ತತ್ತೀನಿ ಬುಡು” ಎಂದರು.

ಭಾನುವಾರ ಬಸ್ಸಿಳಿದು ಬಂದರು. ಗಾಜು ಒಡೆದ ಫೋನನ್ನು ಟವಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಮಿಕ್ಕ ವಿಡಿಯೋಗಳನ್ನೆಲ್ಲ ಜಾಗ ಸಾಲದೆಂದು ಅಳಿಸಿದ್ದರಂತೆ, ಮೊಮ್ಮಗನ ನಾಮಕರಣವನ್ನೂ ಸೇರಿಸಿ. ನನ್ನ ಘಟಿಕೋತ್ಸವದ್ದು ಮಾತ್ರ ಉಳಿದಿತ್ತು. ವೈರು ಹಾಕಿ ಎಳೆದುಕೊಂಡು ನೋಡಿದರೆ ಕನ್ನಡಿಯಷ್ಟು ನಿಚ್ಚಳ! ನನ್ನ ಸೀರೆಯ ಅಂಚು ಎಣಿಸಬಹುದಿತ್ತು. ಆದರೆ ನನ್ನ ಹೆಸರು ಕೂಗುತ್ತಿದ್ದಂತೆ ಚಿತ್ರ ಗಡಗಡ ನಡುಗತೊಡಗಿತು. ನಾನು ಸರ್ಟಿಫಿಕೇಟ್ ಹಿಡಿದ ಕ್ಷಣಕ್ಕೆ ಸರಿಯಾಗಿ ನನ್ನ ಮುಖ ಬರೀ ಬಣ್ಣದ ಗೆರೆ. ನಡುಕ ತೆಗೆಯುವ ಗುಂಡಿ ಒತ್ತಿದೆ. ಸಭಾಂಗಣವೇ ನೀರಲ್ಲಿ ತೇಲಿತು. ಆಗ ಮತ್ತೆ ಆ ಸೊರ್ ಸೊರ್ ಕೇಳಿತು, ಈಗ ತೀರಾ ಹತ್ತಿರದಿಂದ. ಮಾವನ ಕಡೆ ತಿರುಗಿದೆ.

“ಇದೇನು ಮಾವ ಸದ್ದು?”

“ನೆಗಡಿ ಆಗಿತ್ತು ಕಣಮ್ಮಿ. ಮೈಸೂರು ಧೂಳು” ಎಂದು ಮಾವ ಮೀಸೆ ಒರೆಸಿಕೊಂಡರು.

ನಾನು ಎಲ್ಲ ಗುಂಡಿಗಳನ್ನೂ ವಾಪಸು ತೆಗೆದೆ. ನಡುಕ ಹಾಗೇ ಇರಲಿ, ಸದ್ದು ಹಾಗೇ ಇರಲಿ ಎಂದು, ಹಳೇ ಟೀವಿಗಳು ಒಪ್ಪುವ ಮಾದರಿಯೊಂದನ್ನು ಆರಿಸಿ ಕೊನೆಯ ಸಲ ಬೇಯಿಸಿದೆ. ಅವ್ವ ಎಂದಿನಂತೆ ಕಾವಲು ಕೂತಳು. ಟೀವಿಯಲ್ಲಿ ಚಿತ್ರವೂ ಬಂತು, ಸದ್ದೂ ಬಂತು.

ಅವ್ವ ಹೊಸ ಕನ್ನಡಕ ಹಾಕಿಕೊಂಡು ಟೀವಿಯ ಮುಂದೆ, ಮಾವ ಬಾಗಿಲ ಹತ್ತಿರ, ತಪ್ಪಿಸಿಕೊಳ್ಳಲು ಅನುಕೂಲವಾಗುವಂತೆ. ಹೆಸರು ಕೂಗಿದರು. ನಾನು ಕುಂಟದೆ ಮೆಟ್ಟಿಲು ಹತ್ತಿದೆ. ಚಿತ್ರ ನಡುಗಿತು. ಇಷ್ಟು ವರ್ಷ ಕಾದ ಕ್ಷಣ ಬಂದೇಬಿಟ್ಟಿತು. ಗೆರೆಯೊಂದು ಇನ್ನೊಂದು ಗೆರೆಗೆ ಸರ್ಟಿಫಿಕೇಟ್ ಕೊಟ್ಟಿತು. ಮನೆ ತುಂಬ ಸೊರ್ ಸೊರ್.

“ಮುಖವೇ ಕಾಣಲಿಲ್ಲ ಅಲ್ವೇನವ್ವಾ? ಒಸಿ ಇರು, ಇನ್ನೂ ಸರಿ ಮಾಡ್ತೀನಿ” ಎಂದೆ, ಪೆಚ್ಚಾಗಿ.

ಅವ್ವ ನನ್ನತ್ತ ನೋಡಲೂ ಇಲ್ಲ. ತಮ್ಮನ ಕಡೆ ಪೂರಾ ತಿರುಗಿ ಕೂತಿದ್ದಳು.

“ನಿನ್ ಮಕ ದಿನಾ ನೋಡ್ತೀನಿ ಕಣಮ್ಮಿ, ಅದ್ನೇನ್ ನೋಡದು. ಇವ್ನು ಅಳದು ಎಲ್ಲಿ ಸಿಕ್ತದೆ? ಇನ್ನೊಂದ್ಸಲ ಆಕು. ಸೌಂಡ್ ಜಾಸ್ತಿ ಮಡಗು.”