ಹಲ್ಲಿನ ಮೇಸ್ತ್ರಿಯ ಸ್ವಂತ ಮನೆ

ಎಲ್ಲಕ್ಕೂ ಮೂಲ ಬ್ಯಾಂಕಿನವರು ಕೇಳಿದ ಒಂದು ಕಾಗದ. "ಒಂಬತ್ತು ವರ್ಷದಿಂದ ಬಾಡಿಗೆ ತಪ್ಪದೆ ಕಟ್ಟಿದ್ದೀರಿ ಅಂತ ನಿಮ್ಮ ಓನರ್ ಕೈಯಲ್ಲಿ ಎರಡು ಸಾಲು ಬರೆಸಿಕೊಂಡು ಬನ್ನಿ. ಮಧ್ಯಾಹ್ನ ಮೂರರೊಳಗೆ ತಂದರೆ ಇವತ್ತೇ ಸಾಲ ಮಂಜೂರು" ಎಂದು ಬೆಳಿಗ್ಗೆ ಎಂಟಕ್ಕೇ ಫೋನು ಬಂತು. ಎರಡು ಸಾಲು ಏನು ಮಹಾ! ಆದರೆ ಆ ಎರಡು ಸಾಲು ಬರೆಯಬೇಕಾದ ಕೆಳಗಿನ ಮನೆಯ ಅಜ್ಜಿಗೆ, ಮೇಲಿನ ಮನೆಯವನು ಸ್ವಂತ ಮನೆ ಕೊಳ್ಳಲು ಹೊರಟಿದ್ದಾನೆ ಎಂಬ ಸಂಗತಿಯೇ ಗೊತ್ತಿರಲಿಲ್ಲ.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹಲ್ಲಿನ ಮೇಸ್ತ್ರಿ ಎಂದು. ಡಾಕ್ಟರುಗಳು ಅಳತೆ ಕಳಿಸಿದರೆ ಅದಕ್ಕೆ ತಕ್ಕಂತೆ ಹಲ್ಲುಸೆಟ್ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ಅವನ ಕೆಲಸ. ದೇಶ ಬಿಟ್ಟು ಬಂದ ಒಂಬತ್ತು ವರ್ಷದಲ್ಲಿ ಎಷ್ಟೋ ಬೊಚ್ಚು ಬಾಯಿಗಳನ್ನು ತುಂಬಿಸಿದ್ದ. ಆದರೆ ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೆ ಹೇಳುವ ಹೊತ್ತಿಗೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು.

ಅಜ್ಜಿಗೆ ಹೇಳಬೇಕೆಂದು ಅವನು ಮೂರು ತಿಂಗಳಿಂದ ಮೆಟ್ಟಿಲಿಳಿಯುತ್ತಿದ್ದ, ಹೇಳದೆ ಹತ್ತುತ್ತಿದ್ದ. ಅಜ್ಜಿ ಸಾಮಾನ್ಯ ಓನರ್ ಆಗಿದ್ದರೆ ಹೇಳುವುದು ಸುಲಭವಿತ್ತು. ಈಕೆಯೋ, ಮೇಸ್ತ್ರಿ ಮತ್ತವನ ಹೆಂಡತಿ ಎರಡು ಪೆಟ್ಟಿಗೆ ಹಿಡಿದು ಬಂದಿಳಿದ ಮೊದಲ ಚಳಿಗಾಲದಲ್ಲಿ ತನ್ನ ಹಾಸಿಗೆಯ ಮೇಲಿನ ರಜಾಯಿ ತಂದು ಹೊದಿಸಿದವಳು. ಮಗಳು ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕೂತವಳು. "ನಾವು ಹೊರಟೆವು" ಎಂದು ಅಂಥವಳ ಮುಖಕ್ಕೆ ಹೇಗೆ ಹೇಳುವುದು?

ಜೊತೆಗೆ ಮೇಣದಣ್ಣನ ಉಪದೇಶ ಬೇರೆ. ವರ್ಕ್‌ಶಾಪಿನಲ್ಲಿ ಮೇಣದ ಅಚ್ಚು ತೆಗೆಯುವ ಈ ಮಹಾಶಯ ಮೇಸ್ತ್ರಿಗಿಂತ ನಾಲ್ಕು ವರ್ಷ ಮೊದಲು ಈ ದೇಶಕ್ಕೆ ಬಂದವನು. ಆ ನಾಲ್ಕು ವರ್ಷದ ಬಲದಲ್ಲಿ ಅವನಿಗೆ ಎಲ್ಲವೂ ಗೊತ್ತಿತ್ತು. "ನೋಡು ಮೇಸ್ತ್ರಿ, ಕೀಲಿಕೈ ಕೈಗೆ ಬರೋತನಕ ಓನರ್ ಹತ್ರ ಉಸಿರೆತ್ತಬೇಡ. ಆಕೆ ಬೇರೆಯವರಿಗೆ ಮನೆ ಕೊಟ್ಟುಬಿಟ್ರೆ? ಇತ್ಲಾಗೆ ಸಾಲ ಸಿಗದೇ ಹೋದ್ರೆ? ಹೆಂಡ್ತಿ ಮಗು ಕರಕೊಂಡು ಬಸ್‌ಸ್ಟಾಪಲ್ಲಿ ಮಲಗ್ತೀಯಾ?"

ಮೇಸ್ತ್ರಿ ಅಂದು ಬೆಳಿಗ್ಗೆ ಅಜ್ಜಿಯ ಬಾಗಿಲು ತಟ್ಟಿ, ಮಗಳ ಶಾಲೆಯ ಮೇಲೆ ಭಾರ ಹಾಕಿದ. "ಶಾಲೆಯವರು ಕೇಳ್ತಿದ್ದಾರಮ್ಮಾ, ನಾವು ಇದೇ ವಿಳಾಸದಲ್ಲಿ ಇದ್ದೀವಿ, ಬಾಡಿಗೆ ಸರಿಯಾಗಿ ಕಟ್ತೀವಿ ಅಂತ ಒಂದು ಕಾಗದ."

ಅಜ್ಜಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಎಲ್ಲಿಗೋ ಹೊರಟಿದ್ದಳು. ಆದರೂ ಕನ್ನಡಕ ಏರಿಸಿ ಕೂತಳು. "ಎರಡೇ ಸಾಲು ಸಾಕಾ? ಶಾಲೆಯವರಿಗೆ ನಿಮ್ಮ ವಿಷಯ ಸರಿಯಾಗಿ ಗೊತ್ತಾಗಬೇಕಪ್ಪಾ" ಎಂದು ಪುಟದ ಎರಡೂ ಬದಿ ತುಂಬಿಸಿ, ಮಡಿಸಿ, ಲಕೋಟೆಗೆ ಹಾಕಿ, ಅಂಟಿಸಿಯೇ ಕೊಟ್ಟಳು. ಅವನು ಓದಲಿಲ್ಲ. ಓದುವ ಮುಖವೂ ಅವನಿಗಿರಲಿಲ್ಲ.

ಮುಂದಿನ ತಾಪತ್ರಯ ರಜೆಯದು. ಕೊಳ್ಳಬೇಕೆಂದಿದ್ದ ಮನೆ ಎರಡು ಬೀದಿಯಾಚೆ ಇತ್ತು. ಹಳೆಯದು, ಎರಡು ಅಂತಸ್ತು, ನೀಲಿ ಬಾಗಿಲು, ಹಿಂದುಗಡೆ ನಾಲ್ಕು ಹೆಜ್ಜೆ ಅಂಗಳ. ಮಾರುವವರು ಅಂದು ಸಂಜೆ ನಾಲ್ಕಕ್ಕೆ ಬೆಲೆ ಕೂಗುವುದನ್ನು ಮುಗಿಸುತ್ತೇವೆಂದಿದ್ದರು. ಕೊಳ್ಳುವವರಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಮೇಸ್ತ್ರಿ, ಇನ್ನೊಬ್ಬರು ಯಾರೋ. ಅಷ್ಟರೊಳಗೆ ಬ್ಯಾಂಕಿಗೆ ಹೋಗಿ ಬರಬೇಕು. ವರ್ಕ್‌ಶಾಪಿನಲ್ಲೋ ವೃದ್ಧಾಶ್ರಮವೊಂದರ ಆರ್ಡರು ಬಂದು ನಲವತ್ತು ಸೆಟ್ಟು ಮೇಜಿನ ಮೇಲೆ ಸಾಲಾಗಿ ನಗುತ್ತ ಕೂತಿದ್ದವು. ಮ್ಯಾನೇಜರ್ ಯಾರಿಗೂ ರಜೆ ಇಲ್ಲ ಎಂದಿದ್ದ.

"ಹಲ್ಲುನೋವು ಅನ್ನು" ಎಂದು ಮೇಣದಣ್ಣ ಕಿವಿಯಲ್ಲಿ ಊದಿದ. "ಕಣ್ಣಿಗೆ ಕಾಣದ ನೋವು. ಯಾರೂ ಇಲ್ಲ ಅನ್ನೋಕಾಗಲ್ಲ."

ಹಲ್ಲಿನ ವರ್ಕ್‌ಶಾಪಿನಲ್ಲಿ ಹಲ್ಲುನೋವು ಎನ್ನುವುದು ಅಗ್ನಿಶಾಮಕ ಠಾಣೆಯಲ್ಲಿ ನಿಂತು ಬೆಂಕಿ ಬೆಂಕಿ ಎಂದು ಕೂಗಿದ ಹಾಗೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮೇಸ್ತ್ರಿ ಕೆನ್ನೆ ಹಿಡಿದದ್ದೇ ತಡ, ಇಡೀ ವರ್ಕ್‌ಶಾಪು ಟಾರ್ಚು, ಕನ್ನಡಿ ಹಿಡಿದು ಅವನ ಬಾಯಿಗೆ ಮುತ್ತಿಕೊಂಡಿತು. ಬಣ್ಣ ಹಚ್ಚುವವಳು ಮೇಲಿನ ದವಡೆ ಎಂದಳು. ಉಜ್ಜುವವನು ಕೆಳಗಿನದು ಎಂದ. ಕೊನೆಗೆ ಮ್ಯಾನೇಜರೇ ಬಂದು, "ನಮ್ಮ ಮೇಸ್ತ್ರಿಗೇ ನೋವಾ? ಬಾರಯ್ಯಾ, ಪಕ್ಕದ ಬಿಲ್ಡಿಂಗ್ ಡಾಕ್ಟರು ನಮ್ಮ ದೊಡ್ಡ ಗಿರಾಕಿ. ಒಂದು ಪೈಸೆ ತಗೊಳ್ಳಲ್ಲ" ಎಂದು ತೋಳು ಹಿಡಿದು ಎಳೆದುಕೊಂಡೇ ಹೋದ.

ಡಾಕ್ಟರು ಕುರ್ಚಿ ಒರಗಿಸಿ, ಸಣ್ಣ ಸುತ್ತಿಗೆಯಂಥದ್ದರಿಂದ ಒಂದೊಂದೇ ಹಲ್ಲು ತಟ್ಟಿದರು. "ಇದಾ? ಇದಾ?" ಗೋಡೆಯ ಗಡಿಯಾರದಲ್ಲಿ ಒಂದೂವರೆ. ಬೇಗ ಮುಗಿದರೆ ಸಾಕೆಂದು ಮೇಸ್ತ್ರಿ ಬಲಗಡೆಯ ಒಂದು ದವಡೆಹಲ್ಲಿಗೆ ತಲೆಯಾಡಿಸಿದ.

"ನೋಡೋಕೆ ಚೆನ್ನಾಗೇ ಇದೆಯಲ್ಲ! ಉಳಿಸಿಕೊಳ್ಳೋದಾದ್ರೆ ಈಗ ಎರಡು ಗಂಟೆ ಕೂರಬೇಕು, ಆಮೇಲೂ ನಾಲ್ಕು ಸಲ ಬರಬೇಕು. ತೆಗೆಸಿಬಿಡ್ತೀರಿ ಅಂದ್ರೆ ಹತ್ತು ನಿಮಿಷ."

ನೋವೇ ಇಲ್ಲ ಎಂದು ಹೇಳಿಬಿಡಬಹುದಿತ್ತು. ಬಾಗಿಲಲ್ಲಿ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಮೇಸ್ತ್ರಿ ಮತ್ತೊಮ್ಮೆ ಗಡಿಯಾರ ನೋಡಿ, "ಹತ್ತು ನಿಮಿಷದ್ದು ಮಾಡಿ" ಎಂದ.

ಟ್ರೇಯೊಳಗೆ ಹಲ್ಲು ಟಣ್ಣೆಂದು ಬಿತ್ತು. ಒಂದು ಕಲೆಯಿಲ್ಲ, ಹುಳುಕಿಲ್ಲ. ಊರಿನಿಂದ ತಂದ ಸಾಮಾನುಗಳಲ್ಲಿ ಇಷ್ಟು ವರ್ಷ ಕೆಡದೆ ಉಳಿದಿದ್ದುದು ಬಹುಶಃ ಅದೊಂದೇ. ಮೇಸ್ತ್ರಿ ಅದನ್ನು ಸ್ವಲ್ಪ ಹೊತ್ತು ನೋಡಿದ. ಅಂಥ ಹಲ್ಲು ಮಾಡಲು ಅವನಿಗೇ ಮೂರು ದಿನ ಬೇಕಾಗುತ್ತಿತ್ತು.

ಒಂದು ಲಾಭವೇನೋ ಆಯಿತು. ಮ್ಯಾನೇಜರ್ ತಾನಾಗಿಯೇ ರಜೆ ಕೊಟ್ಟ, ಮನೆ ಮುಟ್ಟಿಸಲು ಮೇಣದಣ್ಣನನ್ನೂ ಜೊತೆಗೆ ಕಳಿಸಿದ. ಇಬ್ಬರೂ ಬ್ಯಾಂಕಿಗೆ ಓಡಿದರು. ಅಲ್ಲಿ ಗೊತ್ತಾಯಿತು, ಸೂಜಿಮದ್ದಿನಿಂದ ಮೇಸ್ತ್ರಿಯ ಅರ್ಧ ಮುಖ ತನ್ನದೇ ಅಲ್ಲದಂತಾಗಿದೆ, ನಾಲಿಗೆ ಒದ್ದೆ ಕಂಬಳಿಯಂತೆ ಬಿದ್ದುಕೊಂಡಿದೆ ಎಂದು. ಎಷ್ಟು ಸಾಹಸ ಮಾಡಿದರೂ 'ಸ' ಹೊರಡುತ್ತಿರಲಿಲ್ಲ.

"ಹಾಲ" ಎಂದ ಅವನು ಕೌಂಟರಿನಲ್ಲಿ. "ಮನೆ ಹಾಲ."

"ಹಾಲಾ? ಇದು ಬ್ಯಾಂಕು" ಎಂದಳು ಹುಡುಗಿ.

ಮೇಣದಣ್ಣ ನಡುವೆ ಬಿದ್ದು ಅವನನ್ನು ಸಾಲದ ಅಧಿಕಾರಿಯ ಮುಂದೆ ಕೂರಿಸಿದ. ಅಧಿಕಾರಿ ಲಕೋಟೆ ಒಡೆದು ಓದತೊಡಗಿದ. ಮೊದಲು ಹುಬ್ಬು ಏರಿತು, ಆಮೇಲೆ ಗಟ್ಟಿಯಾಗಿಯೇ ಓದಿದ. "'ಒಂಬತ್ತು ವರ್ಷದಲ್ಲಿ ಒಂದು ದಿನವೂ ಬಾಡಿಗೆ ತಡವಾಗಿಲ್ಲ. ನನ್ನ ಮೊಣಕಾಲು ನೋವಿಗೆ ಎಣ್ಣೆ ತಂದುಕೊಡುವವನು ಇವನೇ. ಇಂಥವರು ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವವರಲ್ಲ. ನಾನಿರುವ ತನಕ ನನ್ನ ಜೊತೆಯಲ್ಲೇ ಇರುತ್ತಾರೆ.' ಅಲ್ರೀ, ನೀವು ಎಲ್ಲಿಗೂ ಹೋಗಲ್ಲ ಅಂತ ಬರೆದಿದ್ದಾರೆ. ಮತ್ತೆ ಮನೆ ಸಾಲ ಯಾತಕ್ಕೆ?"

ಮೇಸ್ತ್ರಿ ಒಂದು ಚೀಟಿ ಎಳೆದುಕೊಂಡು ಬರೆದ: 'ಅವರಿಗೆ ಗೊತ್ತಿಲ್ಲ.'

ಅಧಿಕಾರಿ ಚೀಟಿಯನ್ನೂ ನೋಡಿದ, ಅವನ ಮುಖವನ್ನೂ ನೋಡಿದ. "ಇಷ್ಟು ಬರೆದುಕೊಟ್ಟವರಿಗೇ ಗೊತ್ತಿಲ್ವಾ?" ಎಂದಷ್ಟೇ ಹೇಳಿ ಮೊಹರು ಒತ್ತಿದ. ಮೇಸ್ತ್ರಿಯ ಮುಖದ ಅರ್ಧ ಭಾಗಕ್ಕೆ ಸ್ಪರ್ಶವಿರಲಿಲ್ಲ. ಉಳಿದರ್ಧದಲ್ಲಿ ನಾಚಿಕೆ ಸುಡುತ್ತಿತ್ತು.

ಸಾಲ ಮಂಜೂರಾಯಿತು, ಇಂತಿಷ್ಟೇ ಎಂಬ ಮಿತಿಯೊಡನೆ. ಆ ಮೊತ್ತವನ್ನು ಮೇಸ್ತ್ರಿ ತನ್ನ ಪರವಾಗಿ ಬೆಲೆ ಕೂಗುತ್ತಿದ್ದ ಬ್ರೋಕರಿಗೆ ಬರೆದು ಕಳಿಸಿದ. ಬಸ್‌ಸ್ಟಾಪಿಗೆ ಬಂದು ನಿಂತಾಗ ನಾಲ್ಕಕ್ಕೆ ಹತ್ತು ನಿಮಿಷ. ಫೋನು ಬಡಿದುಕೊಂಡಿತು. ಬ್ರೋಕರ್.

"ಸಾರ್, ನಿಮ್ಮ ಮಿತಿ ಮುಟ್ಟಿತು. ಆ ಕಡೆಯವರು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿದ್ದಾರೆ. ಏನ್ಮಾಡ್ಲಿ? ಇಲ್ಲಿಗೆ ಸಾಕಾ, ಇನ್ನೂ ಹಾಕಲಾ?"

ಮೇಸ್ತ್ರಿ ಕಣ್ಣು ಮುಚ್ಚಿದ. ನೀಲಿ ಬಾಗಿಲು, ನಾಲ್ಕು ಹೆಜ್ಜೆ ಅಂಗಳ ಎಲ್ಲವೂ ಒಮ್ಮೆ ಸುಳಿದುಹೋದವು. ಆದರೆ ಇಲ್ಲದ್ದನ್ನು ಎಲ್ಲಿಂದ ತರುವುದು? ಗಟ್ಟಿ ಮನಸ್ಸು ಮಾಡಿ, ಸಾಕು ಎಂದ. ಬಾಯಿಂದ ಹೊರಟದ್ದು "ಹಾಕು."

"ಭೇಷ್ ಸಾರ್!" ಎಂದ ಬ್ರೋಕರ್. ಒಂದು ನಿಮಿಷದಲ್ಲಿ ಮತ್ತೆ ಅವನೇ. "ಅವರೂ ಏರಿಸಿದ್ರು. ಈಗ?"

"ಹಾಕು! ಹಾಕು!" ಮೇಸ್ತ್ರಿ ಬೊಬ್ಬೆ ಹೊಡೆದ.

"ಎರಡು ಮೆಟ್ಟಿಲಾ? ಏನು ಗುಂಡಿಗೆ ಸಾರ್ ನಿಮ್ಮದು!"

ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡು, ಕೈ ಬೀಸಿ ಬೇಡವೆಂದು ಸನ್ನೆ ಮಾಡುತ್ತ ಫೋನನ್ನು ಮೇಣದಣ್ಣನ ಕೈಗೆ ತುರುಕಿದ. ಮೇಣದಣ್ಣ ಗಂಭೀರವಾಗಿ ಕಿವಿಗಿಟ್ಟುಕೊಂಡ. "ನಾನಪ್ಪಾ, ಅವನ ಸ್ನೇಹಿತ. ಅವನಿಗೆ ಮಾತು ಬರ್ತಿಲ್ಲ, ಆವೇಶ ಬಂದುಬಿಟ್ಟಿದೆ. ಹಾಕು ಅಂತಿದ್ದಾನೆ. ನೀನು ಹಾಕು."

ಹೇಗೋ ಮೇಸ್ತ್ರಿ ಫೋನು ಕಿತ್ತುಕೊಂಡು, 'ಬೇಡ' ಎಂದು ಅಕ್ಷರ ಕುಟ್ಟಿ ಕಳಿಸುವಷ್ಟರಲ್ಲಿ ನಾಲ್ಕು ಹೊಡೆಯಿತು. ಬ್ರೋಕರನ ಕೊನೆಯ ಕರೆ ಬಂತು. ದನಿ ಇಳಿದಿತ್ತು.

"ಸಾರಿ ಸಾರ್. ಕೊನೇ ಗಳಿಗೇಲಿ ಆ ಕಡೆಯವರು ಇನ್ನೂ ಒಂದು ಮೆಟ್ಟಿಲು ಹತ್ತಿಬಿಟ್ರು. ಮನೆ ಅವರಿಗಾಯ್ತು. ಮುಂಗಡವನ್ನೂ ಕಟ್ಟಿಬಿಟ್ರಂತೆ."

ಮೇಸ್ತ್ರಿಗೆ ಹೋದ ಜೀವ ಬಂದ ಹಾಗಾಯಿತು. ಗೆದ್ದಿದ್ದರೆ ಬೀದಿಗೆ ಬೀಳುತ್ತಿದ್ದ. ಆ ನಿಶ್ಚಿಂತೆ ಬಸ್ಸಿನ ಎರಡು ಸ್ಟಾಪುಗಳವರೆಗೆ ಇತ್ತು. ಮೂರನೆಯ ಸ್ಟಾಪಿನಲ್ಲಿ ಕಿಟಕಿಯಾಚೆ ಆ ನೀಲಿ ಬಾಗಿಲು ಹಾದುಹೋದಾಗ ಅವನು ಮುಖ ತಿರುಗಿಸಿಕೊಂಡ. ಒಂಬತ್ತು ವರ್ಷದಲ್ಲಿ ಅವನ ಕೈಗೆಟುಕುವಷ್ಟು ಹತ್ತಿರ ಬಂದಿದ್ದ ಮನೆ ಅದೊಂದೇ.

ಬಟ್ಟೆ ಆಲ್ಟರೇಶನ್ ಅಂಗಡಿಯಲ್ಲಿ ಹೊಲಿಗೆಯ ಕೆಲಸ ಮುಗಿಸಿ ಬಂದಿದ್ದ ಹೆಂಡತಿ ಅಡಿಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಐಸು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೆನ್ನೆಗೆ ಒತ್ತಿದಳು. "ಹೋಗ್ಲಿ ಬಿಡಿ. ಹಲ್ಲಾದ್ರೂ ಉಳಿದಿದ್ರೆ ಚೆನ್ನಾಗಿತ್ತು" ಎಂದಳು.

ಬಾಗಿಲು ಸದ್ದಾಯಿತು. ಅಜ್ಜಿ. ಬೆಳಗಿನ ಕೋಟು ಇನ್ನೂ ಮೈಮೇಲೇ ಇತ್ತು, ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಬೆಳಗುತ್ತಿತ್ತು. ಕುರ್ಚಿ ಎಳೆದು ಕೂತು, ಉಸಿರು ಸುಧಾರಿಸಿಕೊಂಡಳು.

"ಒಂದು ಸಮಾಚಾರ ಇದೆ. ಇಷ್ಟು ದಿನ ಬಾಯಿ ಕಟ್ಟಿಕೊಂಡು ಇದ್ದೆ, ಇನ್ನು ಆಗಲ್ಲ. ಮೊಣಕಾಲಿಗೆ ಈ ಮನೆಯ ಥಂಡಿ ತಡೆಯೋಕಾಗಲ್ಲ ಅಂತ ಡಾಕ್ಟರು ಹೇಳಿದ್ರು. ಮಾರಿಬಿಡೋಣ ಅಂತಿದ್ದೆ, ಆದ್ರೆ ನಿಮ್ಮನ್ನ ಎಲ್ಲಿ ಬಿಡಲಿ? ಆಗ ನಿಮ್ಮ ಮಗಳು ಹೇಳಿದ್ಲು, ಅಪ್ಪ ಪ್ರತಿ ಭಾನುವಾರ ಹೋಗಿ ಆ ನೀಲಿ ಬಾಗಿಲಿನ ಮನೆ ನೋಡಿಕೊಂಡು ನಿಂತಿರ್ತಾರೆ ಅಂತ. ನನ್ನ ಕರುಳು ಚುರುಕ್ ಅಂತು ಕಣಪ್ಪಾ. ಪಾಪ, ಕೊಳ್ಳೋಕಂತೂ ಇವರಿಂದ ಆಗಲ್ಲ, ಇರೋದಕ್ಕಾದ್ರೂ ಆಗಲಿ ಅಂತ, ಇವತ್ತು ಹೋಗಿ ನಾನೇ ಕೊಂಡುಬಿಟ್ಟೆ!"

ಐಸಿನ ನೀರು ಮೇಸ್ತ್ರಿಯ ಮೊಣಕೈಯವರೆಗೆ ಇಳಿಯುತ್ತಿತ್ತು.

"ಇಲ್ಲಿದ್ದ ಹಾಗೇ ಅಲ್ಲೂ. ನಾನು ಕೆಳಗೆ, ನೀವು ಮೇಲೆ. ಬಾಡಿಗೆ ಮಾತ್ರ ಸ್ವಲ್ಪ ಜಾಸ್ತಿ ಮಾಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ಮೊದಲು ಕಡಿಮೆಗೇ ಆಗ್ತಿತ್ತು. ಯಾರೋ ಒಬ್ಬ ಮಹಾರಾಯ ಕೊನೇ ಹತ್ತು ನಿಮಿಷದಲ್ಲಿ ಹುಚ್ಚು ಹಿಡಿದವನ ಹಾಗೆ ಏರಿಸಿದ, ಏರಿಸಿದ. ನಾನೂ ಬಿಡಲಿಲ್ಲ."

ಹೆಂಡತಿ ಗಂಡನ ಕಡೆ ನೋಡಿದಳು. ಗಂಡ ಕಿಟಕಿಯ ಕಡೆ ನೋಡಿದ.

ಅಜ್ಜಿಯ ದನಿ ಮೆತ್ತಗಾಯಿತು. "ಆಮೇಲೆ ದಾರಿಯುದ್ದಕ್ಕೂ ಅವನದೇ ಯೋಚನೆ. ಅಷ್ಟು ಹಟ ಮಾಡಿದ ಅಂದ್ರೆ ಎಷ್ಟು ಆಸೆ ಇತ್ತೋ ಏನೋ. ಹೆಂಡ್ತಿ ಮಕ್ಕಳೂ ಇರಬಹುದು. ಯಾರು ಅಂತ ಮೊದಲೇ ಗೊತ್ತಾಗಿದ್ರೆ, ನನಗೆ ಒಂದು ಮಾತು ಹೇಳಿದ್ದಿದ್ರೆ, ಬಿಟ್ಟುಕೊಟ್ಟುಬಿಡ್ತಿದ್ದೆ ಕಣೋ. ಈಗ ಮುಂಗಡ ಕಟ್ಟಿಯಾಯ್ತು, ಹಿಂದೆ ಸರಿದ್ರೆ ಅಷ್ಟೂ ಮುಳುಗುತ್ತೆ."

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಮೇಸ್ತ್ರಿ ಅವಳ ಕೈ ಅದುಮಿ ಹಿಡಿದ. ಮೂರು ತಿಂಗಳು ಹೇಳದೆ ಇದ್ದ ಮಾತನ್ನು ಇವತ್ತು ಹೇಳಿ ಈ ಮುದುಕಿಯ ನಿದ್ದೆಯನ್ನು ಯಾಕೆ ಕೆಡಿಸಬೇಕು? ಸೂಜಿಮದ್ದು ಇಳಿದು ನಾಲಿಗೆ ಆಗಷ್ಟೇ ಸ್ವಾಧೀನಕ್ಕೆ ಬರುತ್ತಿತ್ತು. ನೋವೂ ಶುರುವಾಗಿತ್ತು.

"ಅವನ ಚಿಂತೆ ಬಿಡಿ ಅಮ್ಮಾ" ಎಂದ. "ಅವನಿಗೂ ಮನೆ ಸಿಕ್ಕಿರುತ್ತೆ."

"ಸಿಕ್ಕಿರುತ್ತೆ ಅಂತೀಯಾ?"

"ಸಿಕ್ಕಿರುತ್ತೆ. ಬಾಡಿಗೆಗೆ."